ನೂರಾ ಮೂವತ್ತೈದು ವರದಿಗಳು

ಕಪ್ಪು ಪರದೆಯ ಮೇಲೆ ಅವಳದೇ ಹೆಸರು ಸಾಲುಸಾಲಾಗಿ ಇಳಿಯುತ್ತಿತ್ತು.

ಊಟ ಮುಗಿಸಿ ಬಂದ ಶಾಹಿಸ್ತಾ ಬಾಗಿಲಲ್ಲೇ ನಿಂತಳು. ಅವಳ ಕುರ್ಚಿಯಲ್ಲಿ ಯಾರೋ ಅಪರಿಚಿತ ಕೂತಿದ್ದ.

"ಯಾರ್ರಿ ನೀವು? ನನ್ನ ಹೆಸರು ಯಾಕ ಹುಡುಕ್ತಿದ್ದೀರಿ?"

ಅವನು ಗಡಿಬಿಡಿಯಿಂದ ಎದ್ದ. ಹೆಸರು ಅಮ್ಜದ್, ಹರಿಹರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ, ಲ್ಯಾಬಿನ ಯಜಮಾನರು ಕರೆಸಿದ್ದಾರೆ ಎಂದ. ಯಾಕೆ ಎಂದು ಮಾತ್ರ ಹೇಳಲಿಲ್ಲ. ಕಣ್ಣು ತಪ್ಪಿಸಿದ.

ಏನೋ ಮುಚ್ಚಿಡ್ತಿದ್ದಾನೆ...

ಕೆ.ಬಿ. ಬಡಾವಣೆಯ ಆ ಪುಟ್ಟ ಲ್ಯಾಬ್‌ನಲ್ಲಿ ನೀರು ಪರೀಕ್ಷಿಸುವವಳು ಅವಳೊಬ್ಬಳೇ. ಸಂಜೆ ಯಜಮಾನ ಕೊಟ್ಟೂರಪ್ಪನವರೇ ಕರೆದು ವಿಷಯ ಹೇಳಿದರು. ಕೊಂಡಜ್ಜಿ ಗ್ರಾಮದ ಸಣ್ಣತಿಮ್ಮಪ್ಪ ದೂರು ಕೊಟ್ಟಿದ್ದರು. ಜೂನ್‌ನಲ್ಲಿ ಬೋರ್‌ವೆಲ್ ನೀರು ಪರೀಕ್ಷೆಗೆ ಕೊಟ್ಟಿದ್ದರಂತೆ, ವರದಿ ಬರಲೇ ಇಲ್ಲವಂತೆ. ಈಗ ಬೇರೆ ಕಡೆ ತೋರಿಸಿದರೆ ಫ್ಲೋರೈಡ್ ವಿಪರೀತ. ಮನೆಮಂದಿಯೆಲ್ಲ ಆರು ತಿಂಗಳಿಂದ ಅದೇ ನೀರು ಕುಡಿದಿದ್ದಾರೆ.

ಶಾಹಿಸ್ತಾಳಿಗೆ ಚೆನ್ನಾಗಿ ನೆನಪಿತ್ತು. ಪರೀಕ್ಷಿಸಿದ್ದಳು, 'ಕುಡಿಯಲು ಯೋಗ್ಯವಲ್ಲ' ಎಂದು ಬರೆದಿದ್ದಳು, ಅಂಚೆಗೂ ಹಾಕಿಸಿದ್ದಳು. ತನ್ನ ನೋಟ್‌ಬುಕ್ ತಂದು ತೋರಿಸಿದಳು.

"ನೋಟ್‌ಬುಕ್‌ನಲ್ಲಿ ಯಾವಾಗ ಬೇಕಾದ್ರೂ ಬರಕೋಬಹುದಮ್ಮ. ಕಂಪ್ಯೂಟರ್‌ನಲ್ಲಿ ವರದಿ ಇದ್ರೆ ಉಳಕೊಂಡೆ, ಇಲ್ಲಾಂದ್ರೆ ಸೋಮವಾರದಿಂದ ಬರೋದು ಬ್ಯಾಡ."

ಪರೀಕ್ಷಿಸದೆ ಪರೀಕ್ಷಿಸಿದೆ ಅಂದವಳು... ಆ ಹೆಸರು ಬಂದರೆ ಯಾವ ಲ್ಯಾಬ್ ತನ್ನನ್ನು ಒಳಗೆ ಬಿಟ್ಟೀತು?

ಅವಳಿಗಿಂತ ಹಿಂದಿನವರದೂ ಸೇರಿ ಸಾವಿರಾರು ವರದಿಗಳಿದ್ದವು. ಫೈಲಿಗೆ ಹೆಸರಿಲ್ಲ, ಬರೀ ನಂಬರು. ಮಾಮೂಲಿ ಹುಡುಕಾಟ ಫೈಲಿನ ಹೆಸರನ್ನಷ್ಟೇ ನೋಡುತ್ತಿತ್ತು. ಒಳಗಿನ ಬರಹ ಓದಿ ಹುಡುಕುವ ಕಮಾಂಡ್‌ಗಳನ್ನು ಅವಳು ಊಟಕ್ಕೆ ಹೋದಾಗಲೇ ಅಮ್ಜದ್ ಒಂದೊಂದಾಗಿ ಪ್ರಯತ್ನಿಸಿದ್ದ. ಒಂದು ಕಮಾಂಡ್ ಕನ್ನಡ ಅಕ್ಷರ ಕಂಡರೆ ತಡವರಿಸುತ್ತಿತ್ತು, ಇನ್ನೊಂದು ತೀರಾ ನಿಧಾನ. ಕೊನೆಗೆ ಗ್ರೆಪ್ ಎಂಬುದನ್ನು ಹಾಕಿಕೊಂಡಿದ್ದ. ಒಂದು ಪದ ಕೊಟ್ಟರೆ ಸಾಕು, ಆ ಪದವಿರುವ ಸಾಲುಗಳನ್ನೆಲ್ಲ ಎತ್ತಿ ತೋರಿಸುತ್ತಿತ್ತು.

ಬೇರೆ ಬೇರೆ ಪದ ಕೊಟ್ಟು ಹುಡುಕುತ್ತ ಐದು ದಿನ ಅವಳೆದುರೇ ಕೂತ. ಫ್ಲೋರೈಡ್ ಅಂದರೇನು, ಎಷ್ಟಿದ್ದರೆ ಕೆಟ್ಟದ್ದು ಎಂದು ಕೇಳಿ ತಿಳಿದುಕೊಂಡ. ಚಹಾ ಬಂದರೆ ಮೊದಲ ಲೋಟ ಅವಳ ಕಡೆ ಸರಿಸುತ್ತಿದ್ದ. ಅವಳು ನಕ್ಕಾಗ ಅವನ ಬೆರಳು ಕೀಲಿಗಳ ಮೇಲೆ ಸುಮ್ಮನೆ ನಿಲ್ಲುತ್ತಿತ್ತು. ಶಾಹಿಸ್ತಾಳಿಗೂ ಅದು ಗೊತ್ತಾಗುತ್ತಿತ್ತು. ಬೇಡವೆಂದರೂ ಮನಸ್ಸು ಅವನತ್ತ ವಾಲುತ್ತಿತ್ತು.

ಶುಕ್ರವಾರ ಕೊಟ್ಟೂರಪ್ಪನವರ ಕೋಣೆಯಿಂದ ಅವನ ದನಿ ಕೇಳಿಸಿತು. "ಆ ವರದಿ ಇಲ್ಲ ಸರ್."

ಅವಳು ಕೈಯಲ್ಲಿದ್ದ ಬೀಕರ್ ಕೆಳಗಿಟ್ಟು, ನೋಟ್‌ಬುಕ್ ಚೀಲಕ್ಕೆ ಹಾಕಿಕೊಂಡಳು.

ಮನೆಗೆ ಬಂದು ಅತ್ತಳು. ಅಮ್ಮಿ ಬೀಬಿಜಾನ್ ಬಂದು ಕರೆದರೂ ಊಟಕ್ಕೆ ಏಳಲಿಲ್ಲ. ಆದರೆ ಅಳು ನಿಂತ ಮೇಲೆ ಒಂದು ಸಂಖ್ಯೆ ಕಾಡತೊಡಗಿತು. ಮೊದಲ ದಿನ ಪರದೆಯ ಕೊನೆಯಲ್ಲಿ ಅವಳ ಹೆಸರಿನ ವರದಿಗಳು ಇನ್ನೂರಾ ಹನ್ನೆರಡು ಎಂದಿತ್ತು. ನೋಟ್‌ಬುಕ್ ಎಣಿಸಿದಳು. ಮತ್ತೆ ಎಣಿಸಿದಳು. ಮುನ್ನೂರಾ ನಲವತ್ತೇಳು.

ನೂರಾ ಮೂವತ್ತೈದು ವರದಿ ಎಲ್ಲಿ ಹೋದವು? ಅವನೇ ಅಳಿಸಿದನಾ? ಆ ಚಹಾ, ಆ ಮಾತು... ಎಲ್ಲ ನಾಟಕನಾ?

ಶನಿವಾರ ಬೆಳಿಗ್ಗೆಯೇ ಹರಿಹರದ ಬಸ್ ಹತ್ತಿದಳು. ಅಂಗಡಿಯಲ್ಲಿ ಅಮ್ಜದ್ ಒಬ್ಬನೇ ಇದ್ದ. ನೋಟ್‌ಬುಕ್ಕನ್ನು ಅವನ ಮುಂದೆ ಎಸೆದಳು.

"ಅಳಿಸೋಕೆ ಯಾರು ಹೇಳಿದ್ರು ನಿಮಗೆ?"

ಅವಳು ಹೇಳಿದ ಲೆಕ್ಕ ಕೇಳಿ ಅವನ ಮುಖ ಬಿಳಿಚಿತು. "ಒಂದು ವರದಿ ಮುಚ್ಚಿಡೋನು ಒಂದನ್ನೇ ಅಳಿಸ್ತಾನ್ರಿ. ನೂರಾ ಮೂವತ್ತೈದು ಯಾಕ ಅಳಿಸ್ಲಿ?"

ಅವನು ಪುಟ ತಿರುವುತ್ತ ತಾರೀಕುಗಳನ್ನು ನೋಡಿದ. ಪರದೆಯ ಮೇಲೆ ಮೇ, ಜೂನ್, ಜುಲೈ ತಿಂಗಳ ಒಂದೂ ವರದಿ ಬಂದಿರಲಿಲ್ಲ. ಆ ಮೂರು ತಿಂಗಳು ಎಲ್ಲಿ ಟೈಪ್ ಮಾಡಿದಿರಿ ಎಂದು ಕೇಳಿದ. ಹೊಸ ಕಂಪ್ಯೂಟರ್ ಕೆಟ್ಟಿತ್ತು, ಮೂಲೆಯ ಹಳೆಯದರಲ್ಲಿ, ಕನ್ನಡ ಟೈಪ್ ಮಾಡುವ ಹಳೆಯ ನುಡಿ ತಂತ್ರಾಂಶದಲ್ಲಿ ಎಂದಳು.

ಅಮ್ಜದ್ ತಲೆ ಮೇಲೆ ಕೈಯಿಟ್ಟುಕೊಂಡ.

ಹಳೆಯ ನುಡಿಯಲ್ಲಿ ಕಣ್ಣಿಗೆ ಕನ್ನಡ ಕಾಣುತ್ತದೆ, ಫೈಲಿನೊಳಗೆ ಉಳಿಯುವುದು ಇಂಗ್ಲಿಷ್ ಅಕ್ಷರಗಳ ಗುರುತು. ಈಗಿನ ಕನ್ನಡದಲ್ಲಿ ಪದ ಕೊಟ್ಟರೆ ಗ್ರೆಪ್ ಅವುಗಳ ಪಕ್ಕದಲ್ಲೇ ಹಾದು ಹೋಗುತ್ತದೆ. ಅವನು ಹಾಗೆಂದು ವಿವರಿಸಿ, ಲ್ಯಾಬ್‌ನ ಎರಡೂ ಕಂಪ್ಯೂಟರ್‌ಗಳಿಂದ ಮಾಡಿಕೊಂಡಿದ್ದ ನಕಲಿನಿಂದ ಮೇ ತಿಂಗಳ ಫೈಲೊಂದನ್ನು ತೆರೆದ. ಅರ್ಥವಾಗದ ಗುರುತುಗಳ ರಾಶಿ. ಅದೇ ಗುರುತುಗಳಲ್ಲಿ ಸಣ್ಣತಿಮ್ಮಪ್ಪನವರ ಹೆಸರು ಜೋಡಿಸಿ ಗ್ರೆಪ್‌ಗೆ ಕೊಟ್ಟ.

ಒಂದೇ ಸಾಲು ಬಂತು. ಆ ಫೈಲನ್ನು ಹಳೆಯ ನುಡಿಯಲ್ಲಿ ತೆರೆದ. ಜೂನ್ ಹದಿನೇಳು, ಕೊಂಡಜ್ಜಿ, ಫ್ಲೋರೈಡ್ ಲೀಟರಿಗೆ ೨.೪ ಮಿ.ಗ್ರಾಂ, ಕುಡಿಯಲು ಯೋಗ್ಯವಲ್ಲ. ಕೆಳಗೆ ಶಾಹಿಸ್ತಾ.

ಅವಳು ಅಲ್ಲೇ ಇದ್ದ ಸ್ಟೂಲು ಎಳೆದುಕೊಂಡು ಕೂತಳು. "ನಾವು ಯಾವ ಉಪಕರಣವನ್ನೂ ಫಲಿತಾಂಶ ಮೊದಲೇ ಗೊತ್ತಿರೋ ಮಾದರಿ ಇಟ್ಟು ನೋಡದೆ ನಂಬಲ್ಲ. ನೀವು 'ಸಿಗಲಿಲ್ಲ' ಅನ್ನಬೇಕಿತ್ತು. 'ಇಲ್ಲ' ಅಂದುಬಿಟ್ರಿ."

"ಹೌದ್ರಿ. ತಪ್ಪು ನಂದು."

ಅವಳೆದುರೇ ಕೊಟ್ಟೂರಪ್ಪನವರಿಗೆ ಫೋನ್ ಮಾಡಿ ಅದನ್ನೇ ಹೇಳಿದ. ಅವರು, ಸೋಮವಾರ ಅವಳನ್ನು ಬರಹೇಳು, ಮೊದಲಿನದು ಅಂಚೇಲಿ ಕಳೆದಿರಬೇಕು, ಸಣ್ಣತಿಮ್ಮಪ್ಪನವರ ಮನೆಗೆ ವರದಿ ತಗೊಂಡು ನಾನೇ ಹೋಗ್ತೀನಿ ಎಂದರು.

ಶಾಹಿಸ್ತಾ ನೋಟ್‌ಬುಕ್ ಎತ್ತಿಕೊಂಡಳು. ಹೋಗಬೇಕಿತ್ತು. ಆದರೂ ಕೂತೇ ಇದ್ದಳು.

"ನಿಮ್ಮನ್ನ ಕಳ್ಳ ಅಂದ್ಕೊಂಡಿದ್ದೆ," ಎಂದಳು ಮೆಲ್ಲಗೆ.

"ಇಷ್ಟು ದೂರ ಬಂದು ಮುಖದ ಮೇಲೇ ಕೇಳಿದ್ರಲ್ಲ. ಕೇಳದೆ ದೂರ ಆಗಿದ್ರೆ ನಾನೇನು ಮಾಡ್ತಿದ್ದೆ?" ಅವನು ಪರದೆ ಬಿಟ್ಟು ಅವಳ ಕಡೆ ತಿರುಗಿದ. "ನೀವು ಅಂದ್ರೆ ನಂಗೆ ಇಷ್ಟ, ಶಾಹಿಸ್ತಾ. ನಿಮ್ಮ ಅಬ್ಬಾನ ಹತ್ರ ನಮ್ಮ ಅಮ್ಮೀನ ಕಳಿಸ್ಲಾ?"

ಅವಳ ಕಣ್ಣು ತುಂಬಿತು.

"ನಂಗೆ ಅನುಮಾನ ಜಾಸ್ತಿ. ಮದುವೆ ಆದ್ಮೇಲೂ ಹೋಗಲ್ಲ."

"ಇರಲಿ ಬಿಡ್ರಿ. ದಿನಾ ಕೇಳ್ರಿ, ದಿನಾ ಹೇಳ್ತೀನಿ."

"ಹಂಗಾದ್ರೆ ಇವತ್ತಿಂದು ಕೇಳ್ತೀನಿ. ನಿಜವಾಗ್ಲೂ ಇಷ್ಟನಾ?"

"ನಿಜವಾಗ್ಲೂ."

"ಭಾನುವಾರ ಅಬ್ಬಾ ಮನೇಲೇ ಇರ್ತಾರೆ," ಎಂದಳು ಶಾಹಿಸ್ತಾ.