ಬಲೆಯಂಚಿನ ಸೀಸ

"ಆ ಮೊಳೆ ಕೀಳಬೇಡ ಕಣೋ ತಮ್ಮ. ಯಾರದೋ ಕೈಕಾಲು ಕಟ್ಟಿಹಾಕೋಕೆ ಮಾಟ ಮಾಡಿ ಹೊಡೆದಿಟ್ಟಿದಾರೆ."

ಟಾರ್ವೊಸ್ ನಕ್ಕುಬಿಟ್ಟ. ರೋಮನ್ನರ ಕಾಪುವಾ ಊರಿನ ಅಖಾಡಕ್ಕೆ ಹೊಸದಾಗಿ ಬಂದ, ಬಲೆ ಬೀಸಿ ಕಾದಾಡುವ ಬಲೆಗಾರ ಅವನು. ಹೆಣ ಎಳೆದುಹಾಕುವ ಕೋಣೆಯ ಗೋಡೆಗೆ ಸುರುಳಿ ಸುತ್ತಿದ ಸೀಸದ ತಗಡೊಂದನ್ನು ಜಡಿದಿದ್ದರು. ಅವನ ಬಲೆಯಂಚಿನ ಸೀಸದ ಗುಂಡೊಂದು ಕಳೆದುಹೋಗಿತ್ತು. ಇನ್ನೇನು ಬೇಕು?

"ಡಾಸಿಯಸಣ್ಣಾ, ಅಷ್ಟು ಜನರ ಕೊರಳು ಕೊಯ್ದವನು, ಚೂರು ತಗಡಿಗೆ ಉಚ್ಚೆ ಹೊಯ್ಕೊಳ್ತೀಯಲ್ಲೋ!"

ಡಾಸಿಯಸ್ ನಗಲಿಲ್ಲ. ಬಲೆ ಬೀಸಲು ಕಲಿಸಿದವನೇ ಅವನು. "ನಾಳೆ ಚೀಟಿಯಲ್ಲಿ ನಾವಿಬ್ಬರೇ ಜೋಡಿ ಬಿದ್ರೆ, ನಾನೇ ಸೋತು ಬೆರಳೆತ್ತುತ್ತೀನಿ. ಜನಕ್ಕೆ ನಾನಂದ್ರೆ ಪ್ರೀತಿ. ಬಿಟ್ಟುಬಿಡ್ತಾರೆ. ಇಬ್ಬರೂ ಉಳ್ಕೋತೀವಿ."

ಅವನು ಅತ್ತ ಹೋದದ್ದೇ ಟಾರ್ವೊಸ್ ಮೊಳೆ ಕಿತ್ತ. ಕೊಳೆತ ರಕ್ತದ ನಾತ ಗಪ್ಪೆಂದು ಮೂಗಿಗೆ ಬಡಿಯಿತು. ತಗಡನ್ನು ಬಡಿದು ಗುಂಡು ಮಾಡಿ ಬಲೆಗೆ ಕಟ್ಟಿದ.

ಚೀಟಿಯಲ್ಲಿ ಅವರಿಬ್ಬರೇ ಜೋಡಿ ಬಿದ್ದರು.

ನೆತ್ತಿ ಸುಡುವ ಬಿಸಿಲು. ಹುರಿಗಡಲೆ ಜಗಿಯುತ್ತಾ ಕೇಕೆ ಹಾಕುವ ಸಾವಿರಾರು ಬಾಯಿಗಳು. ಟಾರ್ವೊಸ್ ಬಲೆ ಬೀಸಿದ, ಆಟಕ್ಕೆಂಬಂತೆ, ಹಗುರವಾಗಿ. ಡಾಸಿಯಸ್ ಮಂಡಿಯೂರಿದ. ಅವನ ಕತ್ತಿ ಮರಳಿಗೆ ಬಿತ್ತು.

"ಬೆರಳೆತ್ತಣ್ಣಾ!"

"ಆಗ್ತಿಲ್ಲ... ಕೈಯೇ ಏಳ್ತಿಲ್ಲ ಕಣೋ."

ಟಾರ್ವೊಸ್ ಬಲೆ ಎಳೆದ. ಬಿಚ್ಚಲಿಲ್ಲ. ಇನ್ನೂ ಬಿಗಿಯಿತು. ಹಗ್ಗ ಮಾಂಸದೊಳಗೆ ಇಳಿಯಿತು.

"ಸೊಕ್ಕು ನೋಡ್ರೋ ಅವನಿಗೆ! ಬೆರಳೆತ್ತಲ್ವಂತೆ! ಕೊಯ್ಯೋ ಅವನ್ನ!"

ನಿನ್ನೆಯವರೆಗೆ ಪ್ರೀತಿಸಿದ ಬಾಯಿಗಳೇ. ಥೂ.

ಟಾರ್ವೊಸ್ ತಾನೇ ಬೆರಳೆತ್ತಬಹುದಿತ್ತು. ಸೋತೆ ಅಂದಿದ್ದರೆ ಆಟ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಹೊಸಬನನ್ನು ಈ ಜನ ಬಿಟ್ಟಾರೆಯೇ? ಬಲಗೈ ಅರ್ಧ ಎದ್ದಿತು. ಕೆಳಗಿಳಿಯಿತು. ಇಳಿದ ಕೈ ಕಠಾರಿ ಹಿಡಿಯಿತು.

ಶಿರಸ್ತ್ರಾಣದ ತೂತುಗಳೊಳಗಿಂದ ಡಾಸಿಯಸ್ ಎಲ್ಲವನ್ನೂ ನೋಡಿದ. "ನೀನಾ ಮೊಳೆ ಕಿತ್ತಿದ್ದು?" ಅಷ್ಟೇ ಕೇಳಿದ.

ಸಂಜೆ ಟಾರ್ವೊಸ್ ಆ ಕೋಣೆಗೆ ಓಡಿದ. ಡಾಸಿಯಸ್‌ನ ಹೆಣ ಅಲ್ಲೇ ಇತ್ತು. ಬಲೆಯಿಂದ ಬಿಚ್ಚಿದ ಸೀಸವನ್ನು ಗೋಡೆಗೊತ್ತಿ ಅದೇ ಮೊಳೆ ಹೊಡೆದ. ಮೊಳೆ ನಿಲ್ಲಲಿಲ್ಲ. ಮತ್ತೆ ಹೊಡೆದ. ಸೀಸ ಜಾರಿ ಅಂಗೈಗೇ ಬಿತ್ತು. ಮೈಯಷ್ಟು ಬೆಚ್ಚಗಿತ್ತು.

"ತಪ್ಪಾಯ್ತಣ್ಣಾ..."

ಬಾಗಿಲಾಚೆ ಕಾವಲಿನವನ ಕೂಗು: "ಏ ಬಲೆಗಾರ! ನಾಳೆನೂ ನಿಂದೇ ಆಟ. ಜನ ನಿನ್ನನ್ನೇ ಕೇಳ್ತಿದಾರೆ!"

ಟಾರ್ವೊಸ್ ಕತ್ತಲಲ್ಲಿ ತೋರುಬೆರಳು ಎತ್ತಲು ನೋಡಿದ.

ಏಳಲಿಲ್ಲ.