ಭಂಡಾರ ಎತ್ತದ ಪೈಲ್ವಾನ

ಬಕೆಟ್ಟಿನ ಸಗಣಿ ನೀರು ರಪ್ಪನೆ ಪೈಲ್ವಾನನ ಮೀಸೆಗೆ ಬಿತ್ತು. ಗೋಡೆಯ ಮೇಲೆ ಬರೆಸಿದ್ದ ಪೈಲ್ವಾನನ ಮೀಸೆಗೆ!

ಹೆಂಗಸರೆಲ್ಲ ಕೇಕೆ ಹಾಕಿ ನಕ್ಕರು. ಇಂದ್ರವ್ವ ಬಕೆಟ್ ಇಟ್ಟು ತಿರುಗಿದಳು. ಹಿಂದೆ ಅದೇ ಮೀಸೆ ನಿಂತಿತ್ತು... ಜೀವಂತ!

"ನನ್ನ ಮಾರಿ ಏನ್ ತಪ್ಪು ಮಾಡಿತ್ರಿ?" ಎಂದ ಯಮನಪ್ಪ ಪೈಲ್ವಾನ.

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಆದರೆ ಹೆದರುವ ಪೈಕಿಯೇ ಅವಳು? ಸಂಪಗಾಂವದ ಸರಾಯಿ ಅಂಗಡಿ ಮುಚ್ಚಿಸಲು ಬೇಸಿಗೆಯಿಂದ ಧರಣಿ ಕುಳಿತವಳು. ಅವಳ ಅಕ್ಕನ ಗಂಡ ಆ ಅಂಗಡಿಯಲ್ಲಿ ಕುಡಿಕುಡಿದೇ ಸತ್ತಿದ್ದ. ಎರಡು ಸಾವಿರದ ಮೂರನೇ ಇಸವಿ ಅದು, ಸರಾಯಿ ಇನ್ನೂ ರಾಜಾರೋಷವಾಗಿ ಮಾರಾಟವಾಗುತ್ತಿದ್ದ ಕಾಲ.

ಧರಣಿಯ ಸುದ್ದಿ ಪೇಪರಿನಲ್ಲಿ ಬಂದದ್ದೇ ತಡ, ಬೈಲಹೊಂಗಲದ ಕೆಂಪುಗುಡ್ಡ ಚಹಾ ಕಂಪನಿಯವರಿಗೆ ಎಲ್ಲಿಲ್ಲದ ಕಾಳಜಿ ಹುಟ್ಟಿತು. ಊರೂರ ಗೋಡೆಗೆ ಯಮನಪ್ಪನ ಚಿತ್ರ, ಕೆಳಗೆ ದಪ್ಪ ಅಕ್ಷರ: 'ಸರಾಯಿ ಬಿಡು, ಕೆಂಪುಗುಡ್ಡ ಚಹಾ ಕುಡಿ!'

"ನಮ್ಮ ಕಣ್ಣೀರಾಗ ಚಾ ಕುದಸಾಕ ಹತ್ತೀರಿ! ನಾಚಿಕಿ ಆಗೂದಿಲ್ಲ?"

"ಸರಾಯಿ ಬ್ಯಾಡ ಅನ್ನೂದು ನನ್ನ ಮನಸಿನ ಮಾತರಿ."

"ಹೌದಾ? ಹಂಗಾರ ಭಂಡಾರ ಎತ್ತು! ಕಂಪನಿ ತಿರುಗಿಬಿದ್ರೂ ನಾ ಈ ಮಾತು ಬಿಡೂದಿಲ್ಲ ಅಂತ ಆಣಿ ಮಾಡು!"

ಸೆರಗಿನ ಗಂಟು ಬಿಚ್ಚಿ ಎಲ್ಲಮ್ಮನ ಭಂಡಾರ ಚಾಚಿದಳು. ಆ ಅರಿಶಿಣ ಪುಡಿ ಎತ್ತಿ ಆಡಿದ ಮಾತಿಗೆ ಈ ಸೀಮೆಯಲ್ಲಿ ಎರಡನೇ ಮಾತಿಲ್ಲ. ಯಮನಪ್ಪನ ಕೈ ಮುಂದೆ ಬಂತು... ಹಾಗೇ ಕೆಳಗಿಳಿಯಿತು.

"ಭಂಡಾರ ಮಾತ್ರ ಎತ್ತೂದಿಲ್ಲ ನಾ."

"ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೊಂಡನಂತ!" ಎಂದು ಮುದುಕಿ ಗುರುಬಸವ್ವ ಚಪ್ಪಾಳೆ ತಟ್ಟಿದಳು. ಪೈಲ್ವಾನ ತಲೆ ತಗ್ಗಿಸಿ ನಡೆದುಬಿಟ್ಟ.

'ಇಷ್ಟು ಚಂದದ ಗಂಡಸು ಇಷ್ಟು ಹೇಡಿ ಆಗಬೇಕಿತ್ತಾ?' ಎಂದುಕೊಂಡಳು ಇಂದ್ರವ್ವ. ಚಂದ ಎಂದುಕೊಂಡಿದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು!

ಚುನಾವಣೆ ಹತ್ತಿರವಾಯಿತು. ಸರಾಯಿ ಕಾಂಟ್ರ್ಯಾಕ್ಟರನೇ ಓಟಿಗೆ ನಿಂತ. ಚಹಾ ಕಂಪನಿಯ ಸಾಹುಕಾರ ಅವನ ಹೆಗಲ ಮೇಲೆ ಕೈ ಹಾಕಿದ. ಮರುದಿನವೇ ಗೋಡೆಯ ಮೇಲಿನ 'ಸರಾಯಿ ಬಿಡು'ಗೆ ಸುಣ್ಣ! 'ಚಹಾ ಕುಡಿ' ಮಾತ್ರ ಉಳಿಯಿತು. ಸಗಣಿ ಮೆತ್ತಿದ ಮೀಸೆಯೂ ಉಳಿಯಿತು, ಅದನ್ನು ತೊಳೆಯುವಷ್ಟು ಕಾಳಜಿ ಯಾರಿಗಿತ್ತು?

ಬೈಲಹೊಂಗಲದ ಕುಸ್ತಿ ಕಣದಲ್ಲಿ ಯಮನಪ್ಪ ಕಾಂಟ್ರ್ಯಾಕ್ಟರನ ಪರವಾಗಿ ಮಾತಾಡುತ್ತಾನೆಂದು ಜೀಪು ಸಾರಿಕೊಂಡು ಹೋಯಿತು.

"ಅಷ್ಟ ಮಂದಿ ಮುಂದ ಅವನ ಮಾರಿಗಿ ಉಗುಳಿ ಬರತೇನಿ!" ಎಂದು ಹೆಂಗಸರನ್ನು ಕರೆದುಕೊಂಡು ಹೊರಟಳು ಇಂದ್ರವ್ವ. 'ಹೆಣ್ಮಕ್ಕಳಿಗೇನ್ ಕೆಲಸ ಇಲ್ಲಿ?' ಎಂದು ಗಂಡಸರು ಗೊಣಗಿದರು. ಅವಳು ಕಣದ ಅಂಚಿಗೇ ಹೋಗಿ ನಿಂತಳು.

ಯಮನಪ್ಪ ಗೆದ್ದ. ಸಾಹುಕಾರ ಅವನ ತಲೆಗೆ ಕಂಪನಿಯ ಕೆಂಪು ರುಮಾಲು ಸುತ್ತಿ ಅವನ ಬಾಯಿಗೆ ಮೈಕು ಹಿಡಿದ. ಗೆದ್ದವನು ಯಾರ ರುಮಾಲು ಸುತ್ತಿಕೊಂಡನೋ ಅವರ ಮನೆಯ ಆಳು ಎಂದೇ ಲೆಕ್ಕ. ಅದನ್ನು ಕಣದಲ್ಲೇ ಬಿಚ್ಚುವುದೆಂದರೆ ಕೊಟ್ಟವನ ಮುಖಕ್ಕೆ ಹೊಡೆದಂತೆ.

ಯಮನಪ್ಪ ಬಿಚ್ಚಿದ! ಮಡಚಿ ಸಾಹುಕಾರನ ಕೈಯಲ್ಲಿಟ್ಟ.

"ಸರಾಯಿ ಬ್ಯಾಡ ಅಂದಿದ್ದೆ. ಇವತ್ತೂ ಅದನ್ನ ಅಂತೇನಿ. ಚಾ ನಿಮ್ಮದರಿ, ಮಾತು ನಂದು."

"ಮಗನ! ಇನ್ನ ಯಾವ ಕಣದಾಗ ಇಳಿತಿ ನೋಡತೇನಿ!" ಸಾಹುಕಾರ ಅರಚಿದ. ಅವನ ಕಡೆಯವರಿಂದ ಚಪ್ಪಲಿಗಳು ತೂರಿ ಬಂದವು. ಒಂದು ಯಮನಪ್ಪನ ಹಣೆಗೇ ತಾಗಿತು. ಇಂದ್ರವ್ವನ ಬಾಯಿ ಒಣಗಿಹೋಯಿತು, ಉಗುಳುವುದೆಲ್ಲಿಂದ ಬಂತು?

ಗರಡಿಯ ಹಿಂದಿನ ಬೇವಿನ ಮರದಡಿ ಅವನನ್ನು ಹಿಡಿದು ನಿಲ್ಲಿಸಿದಳು.

"ಹಂಗಾರ ಅವತ್ತ ಭಂಡಾರ ಯಾಕ ಎತ್ತಲಿಲ್ಲ?"

"ನಮ್ಮಪ್ಪ ದಿನಾ ಮುಂಜಾನಿ ಭಂಡಾರ ಎತ್ತಿ 'ಇನ್ನ ಕುಡಿಯೂದಿಲ್ಲ' ಅಂತಿದ್ದ. ಸಂಜಿಗಿ ಕುಡಿದು ಬಂದು ಅವ್ವನ್ನ ಬಡೀತಿದ್ದ..." ಅವನು ಹಣೆ ಒರೆಸಿಕೊಂಡ. "ಅಂವ ಹೋದ ಮ್ಯಾಲೆ ಅವ್ವ ಅಂದ್ಲು, 'ಈ ಮನ್ಯಾಗ ಇನ್ನ ಯಾರೂ ಭಂಡಾರ ಎತ್ತಬ್ಯಾಡ್ರಿ. ಆಡಿದ ಮಾತು ನಡಸ್ರಿ, ಸಾಕು.'"

ಇಂದ್ರವ್ವನ ಕಣ್ಣು ತುಂಬಿತು.

"ಅವತ್ತ ಬಾಯಿ ಬಿಟ್ಟು ಹೇಳಾಕ ಏನಾಗಿತ್ತು?"

"ಸತ್ತ ಅಪ್ಪನ ಮರ್ಯಾದಿ ಗೋಡಿ ಮುಂದ ಕಳೀಲೇನು? ಅದೂ ಅಲ್ಲದ, ನೀವು ಮಾತಾಡಾಕ ಬಿಟ್ರಲ್ಲ!"

ಅಳುತ್ತಲೇ ನಕ್ಕುಬಿಟ್ಟಳು. "ಎಲ್ಲಾ ಹೋತಲ್ರಿ ನಿಮ್ಮದು... ಮುಂದ?"

"ನಿಮ್ಮ ಧರಣ್ಯಾಗ ಜಾಗ ಐತೇನು?"

"ಧರಣ್ಯಾಗೂ ಐತಿ..." ತಡೆದಳು. "ನನ್ನ ಮನಸಿನ್ಯಾಗೂ ಐತಿ. ಸಿಟ್ಟಿನಾಗ ಬೈಕೋತ ಬೈಕೋತ ಅಲ್ಲೇ ಇಟ್ಕೊಂಡೀನಿ."

"ಇಂದ್ರಾ... ಜೀವ ಇರೂತನಕಾ ನಿನ್ನ ಕೈ ಬಿಡೂದಿಲ್ಲ. ಆಣಿ ಮಾತ್ರ ಕೇಳಬ್ಯಾಡ."

ಅವಳು ಸೆರಗಿನ ಗಂಟು ಬಿಚ್ಚಿದಳು. ಭಂಡಾರ ಕಂಡು ಅವನ ಮುಖ ಬಾಡಿತು. ಅವಳು ಚಿಟಿಕೆ ತೆಗೆದು, ಚಪ್ಪಲಿಯೇಟು ಬಿದ್ದು ಕೆಂಪಾಗಿದ್ದ ಹಣೆಗೆ ಮೆತ್ತಗೆ ಹಚ್ಚಿದಳು.

"ಆಣಿ ಯಾರ ಕೇಳಿದ್ರು? ಗೆದ್ದು ಬಂದವರಿಗೆ ಹಚ್ಚಬೇಕಲ್ಲ."

"ಮತ್ತ ಗೋಡಿ ಮ್ಯಾಲಿನ ಮೀಸಿ?"

"ನಾಳೆ ನಾನ ತೊಳಿತೇನಿ. ನೀರು ಮಾತ್ರ ನೀವು ಹೊತ್ಕೊಂಡು ಬರ್ರಿ!"