ಸ್ಮೂದನಿಂಗ್ ಮುಗಿಯುವಷ್ಟರಲ್ಲಿ

“ಅಕ್ಕಾರ, ಇದಕ್ಕ ಎಷ್ಟ ಹೊತ್ತ ಹಿಡಿತೈತ್ರಿ?”

ಸುಮಂಗಲಾಳ ಕೈಯಲ್ಲಿದ್ದ ಬ್ರಶ್ ನಿಂತಿತು. ಆ ದನಿ ಗೌತಮನದು. ಕಾಲೇಜಿನ ದಿನಗಳಲ್ಲಿ ಬಸ್‌ಸ್ಟ್ಯಾಂಡಿನವರೆಗೆ ಅವಳ ಜೊತೆ ನಡೆದು ಬಂದು, ಒಂದು ಸಂಜೆ “ನನ್ನ ಮದುವಿ ಆಗ್ತಿಯೇನ?” ಎಂದು ಕೇಳಿದ್ದ ಗೌತಮ. ಇವತ್ತು ಅವಳನ್ನೇ ಅಕ್ಕಾರ ಅನ್ನುತ್ತಿದ್ದಾನೆ.

ಅವನದೇನು ತಪ್ಪು? ಮುಖಕ್ಕೆ ಮಾಸ್ಕು. ಅವನು ಬಲ್ಲ ಗುಂಗುರು ಕೂದಲೂ ಈಗಿಲ್ಲ. “ನಿನ್ನ ತಲೀನ ಹಿಂಗ ಕೆದರಿದ್ರ ಗಿರಾಕಿ ನಂಬತಾರೇನ?” ಎಂದು ಜಲನಗರದ ಈ ಸಲೂನಿನ ಮಾಲಕಿ ಅವಳದನ್ನೂ ನೆಟ್ಟಗಾಗಿಸಿದ್ದಳು.

“ಸಂಜಿ ಆಗ್ತೈತ್ರಿ,” ಎಂದಳು, ದನಿ ಬದಲಿಸಿ.

ಕುರ್ಚಿಯಲ್ಲಿದ್ದವಳು ಅವನ ತಂಗಿ ಪ್ರಜ್ಞಾ. ಸುಮಂಗಲಾ ಕೂದಲನ್ನು ಎಳೆ ಎಳೆಯಾಗಿ ಬಿಡಿಸಿ, ನೆಟ್ಟಗಾಗಿಸುವ ಸ್ಮೂದನಿಂಗ್ ಕ್ರೀಮ್ ಹಚ್ಚತೊಡಗಿದಳು. ಆ ವಾಸನೆಗೆ ಕಣ್ಣು ಉರಿದವು. ಬೆಳಗಿನಿಂದ ನಿಂತು ನಿಂತು ಹಿಮ್ಮಡಿ ನೋಯುತ್ತಿತ್ತು. ಕನ್ನಡಿಯೊಳಗೆ ಕದ್ದು ನೋಡಿದಳು: ಗೌತಮನ ಕಿವಿಯ ಪಕ್ಕ ನರೆಗೂದಲು ಇಣುಕಿತ್ತು. ಕೈಯಲ್ಲಿ ಪೇಪರ್ ಇತ್ತು, ಹಾಳೆ ಮಾತ್ರ ತಿರುಗುತ್ತಿರಲಿಲ್ಲ.

“ಮದುವಿಗೇನವ್ವಾ ಇದು? ನಿಂದೇನ?” ಎಂದು ಪ್ರಜ್ಞಾಳನ್ನು ಕೇಳಿದಳು.

“ಹೂಂ ರೀ. ನಂದ ಆದಮ್ಯಾಗ ಅಣ್ಣಂದು. ಐತವಾರ ಬಬಲೇಶ್ವರಕ್ಕ ಹೆಣ್ಣ ನೋಡಾಕ ಹೊಂಟೇವಿ. ಇಷ್ಟ ವರ್ಷ ಒಲ್ಲೆ ಅಂತಿದ್ದ. ಈಗ ‘ನನಗ ಸಾಕಾಗೇತಿ, ನೀವ ನೋಡ್ರಿ’ ಅಂದಾನ.”

ಸಾಕಾಗೇತಿ. ಆ ಮಾತು ಸುಮಂಗಲಾಳಿಗೆ ಚೆನ್ನಾಗಿ ಗೊತ್ತಿತ್ತು. ಲಕ್ವ ಹೊಡೆದು ಅವ್ವ ಹಾಸಿಗೆ ಹಿಡಿದಾಗ, “ನನ್ನ ಹಾದಿ ಕಾಯಬ್ಯಾಡ” ಎಂದು ಗೌತಮನಿಗೆ ಹೇಳಿದವಳು ಅವಳೇ. ಹೋದ ಮಳೆಗಾಲ ಅವ್ವ ತೀರಿಕೊಂಡಳು. ಆಮೇಲೆ ಎಷ್ಟೋ ಸಲ ಅವನಿಗೆ ಫೋನ್ ಮಾಡಲು ಹೋಗಿ ಬಿಟ್ಟಿದ್ದಳು. ಮತ್ತೆ ಆಸೆಪಡಲಿಕ್ಕೂ ಮೈಯಲ್ಲಿ ಕಸುವು ಬೇಕು.

ಕ್ರೀಮ್ ತೊಳೆದು, ಒಣಗಿಸಿ, ಕೂದಲಿಗೆ ಬಿಸಿ ಇಸ್ತ್ರಿ ಎಳೆಯುವಾಗ ಹೊಗೆ ಎದ್ದಿತು. ಕೆಮ್ಮು ತಡೆಯಲಾಗಲಿಲ್ಲ. “ಒಂದ ನಿಮಿಷವ್ವಾ,” ಎಂದು ಇಸ್ತ್ರಿ ಕೆಳಗಿಟ್ಟು ಹೊರಗಿನ ಮೆಟ್ಟಿಲಿಗೆ ಬಂದು ಕುಳಿತು ಮಾಸ್ಕ್ ಕೆಳಗೆಳೆದಳು.

ಹಿಂದೆಯೇ ನೀರಿನ ಬಾಟಲಿ ಬಂತು.

“ತಗೋ ಸುಮಾ.”

ಅವಳು ಬೆಚ್ಚಿ ನೋಡಿದಳು. “ಗುರ್ತ ಹಿಡದಿದ್ದೇನ?”

“ಕಣ್ಣಿಗೆ ಮಾಸ್ಕ್ ಇರಲಿಲ್ಲಲ್ಲ.”

“ಮತ್ತ ಅಕ್ಕಾರ ಅಂದಿ?”

“ಹೆಸರ ಹಿಡದ ಕರದ್ರ ಒಳಗ ಹೋಗಿಬಿಡ್ತಿ ಅಂತ ಅಂಜಿದ್ನಿ. ಅಕ್ಕಾರ ಅಂದ್ರ ಸಿಟ್ಟಿಗೆದ್ದಾದ್ರೂ ತಿರುಗಿ ನೋಡ್ತಿ ಅಂತ.”

ನಗು ಬಂತು, ನಗುವಿನ ಬೆನ್ನಿಗೇ ಮತ್ತೆ ಕೆಮ್ಮು. ನೀರು ಕುಡಿದು ಮೆಲ್ಲಗೆ ಹೇಳಿದಳು, “ಅವ್ವ ಹೋದ್ಳು.”

“ಗೊತ್ತೈತಿ. ಮಣ್ಣ ಮಾಡೂ ಮುಂದ ನಾನೂ ಬಂದಿದ್ನಿ. ನಿನ್ನ ದೂರಿಂದ ನೋಡಿ ಹೋದ್ನಿ.”

ರಸ್ತೆಯಲ್ಲಿ ಆಟೋ, ಸ್ಕೂಟರುಗಳು ಹೋಗುತ್ತಲೇ ಇದ್ದವು. ಅವಳು ಅವನ ಮುಖವನ್ನು ನೋಡಲಿಲ್ಲ.

“ಐತವಾರ ಹೋಗಬ್ಯಾಡ, ಗೌತಮ. ಇದನ್ನ ಚಂದಾಗಿ ಹೇಳಾಕ ನನಗ ಬರವಲ್ದು. ಭಾಳ ದಣದೇನಿ.”

ಅವನು ಅವಳ ಕೈಯಿಂದ ಬಾಟಲಿ ತೆಗೆದುಕೊಂಡು ಮುಚ್ಚಳ ಹಾಕಿದ.

“ನಾನೂ ದಣದೇನಿ,” ಎಂದ. “ದಣದವ್ರಿಬ್ರು ಒಂದ ಮನ್ಯಾಗ ಇದ್ರ, ಒಬ್ರು ಚಾ ಕಾಸೂತನಾ ಇನ್ನೊಬ್ರು ಕುಂಡ್ರಬಹುದು.”

ಅಲ್ಲಿಯೇ ನಿಂತು ಮನೆಗೆ ಫೋನ್ ಹಚ್ಚಿದ. “ಯವ್ವಾ, ಬಬಲೇಶ್ವರದವರಿಗೆ ಬರೂದಿಲ್ಲಂತ ಹೇಳಿಬಿಡು... ಇಲ್ಲವಾ, ಸಿಟ್ಟಲ್ಲ. ಸುಮಾ ಹೂಂ ಅಂದಾಳ.”

ಒಳಗಿನಿಂದ ಪ್ರಜ್ಞಾಳ ದನಿ: “ಅರ್ಧಾ ತಲಿ ಹಂಗ ಉಳದೈತ್ರಿ!”

ಸುಮಂಗಲಾ ಏಳಹೋದಳು. ಗೌತಮ ಪಕ್ಕದಲ್ಲಿ ಕುಳಿತು ಅವಳ ಮುಂಗೈ ಹಿಡಿದ. “ಇನ್ನೊಂದ ಗಳಿಗಿ ಕುಂಡ್ರು.”

ಹಾಗೆ ಅವಳಿಗೆ ಯಾರೂ ಹೇಳಿ ವರ್ಷಗಳಾಗಿದ್ದವು. ಅವಳು ಅವನ ಹೆಗಲಿಗೆ ತಲೆಯಿಟ್ಟು ಕಣ್ಣು ಮುಚ್ಚಿದಳು.